ಪ್ರತಿಕ್ರಿಯೆ: ಟಿಡಿಎಸ್ ಕಡಿಮೆ ಇದ್ದರೆ ಕ್ಯಾನ್ ನೀರು ಸೇಫಾ?

ಹಾಸನದಲ್ಲಿ ತರಿಸುವ 20 ಲೀಟರ್ ಕ್ಯಾನ್ ನೀರಿನ ಟಿಡಿಎಸ್ 40 ಬಂದಿದೆ, 3 ವರ್ಷದ ಮಗುವಿಗೆ ಹಾಗೇ ಕೊಡಬಹುದಾ ಅಂತ ಕೇಳಿದ್ದೀರಿ. ಬೇಡ, ಕುದಿಸಿ ಕೊಡಿ. ಟಿಡಿಎಸ್ ಮೀಟರ್ ತೋರಿಸುವುದು ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಅಂತ ಅಷ್ಟೇ. ಬ್ಯಾಕ್ಟೀರಿಯಾ ಅದಕ್ಕೆ ಗೊತ್ತಾಗುವುದಿಲ್ಲ. ಪ್ಯಾಕ್ ಮಾಡಿದ ಕುಡಿಯುವ ನೀರಿಗಿರುವ ಭಾರತೀಯ ಮಾನಕ ಐಎಸ್ 14543ರ ಪ್ರಕಾರ 250 ಮಿಲಿ ನೀರಿನಲ್ಲಿ ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾ ಇರಲೇಬಾರದು. ಅದು ಸಿಕ್ಕರೆ ನೀರಿಗೆ ಮಲದ ಅಂಶ ಸೇರಿದೆ ಅಂತ ಅರ್ಥ. ಆರ್‌ಒ ಫಿಲ್ಟರ್, ಯುವಿ ಬೆಳಕು ದಾಟಿ ಶುದ್ಧವಾಗಿ ಬಂದ ನೀರೂ ಸರಿಯಾಗಿ ತೊಳೆಯದ ಕ್ಯಾನಿಗೆ ಬಿದ್ದರೆ ಕೆಡುತ್ತದೆ. ಅಂದಹಾಗೆ, ನಿಮ್ಮ ಡಿಸ್ಪೆನ್ಸರ್ ತೊಳೆದು ಎಷ್ಟು ದಿನ ಆಯಿತು? ನನಗೆ ಅದರ ಮೇಲೇ ಅನುಮಾನ ಜಾಸ್ತಿ! ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಬಿಟ್ಟರೆ ಸಾಕು. ಕ್ಯಾನಿನ ಮೇಲೆ ಐಎಸ್‌ಐ ಗುರುತಿದ್ದರೆ ಅದರ ಸಿಎಂ/ಎಲ್ (ಲೈಸೆನ್ಸ್) ನಂಬರನ್ನು ಆ ಗುರುತು ಕೊಡುವ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ, ಲೈಸೆನ್ಸ್ ಯಾರದು ಅಂತ ಗೊತ್ತಾಗುತ್ತದೆ.