ವಯೋಮಿಂಗ್ ಲೇಖನದ ಕುರಿತು ಸಂಪಾದಕರ ಉತ್ತರ

ಮಾನ್ಯರೇ,

ಅಮೆರಿಕದ ವಯೋಮಿಂಗ್ ರಾಜ್ಯದ ಕುರಿತ ‘ವಯೋಮಿಂಗ್: ಇತಿಹಾಸದ ಮಹತ್ವದ ಕ್ಷಣಗಳು’ ಎಂಬ ತಮ್ಮ ಲೇಖನವನ್ನು ಓದಿದೆ. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲಾರೆವು. 1867ರಲ್ಲಿ ಈಗಿನ ರಾಜಧಾನಿ ಶೈಯಾನ್‌ಗೆ ರೈಲು ಬಂದದ್ದು, 1890ರಲ್ಲಿ ರಾಜ್ಯದ ಸ್ಥಾನ ದೊರೆತದ್ದು, 1925ರಲ್ಲಿ ನೆಲ್ಲಿ ಟೇಲೋ ರಾಸ್ ದೇಶದ ಮೊದಲ ಮಹಿಳಾ ಗವರ್ನರ್ ಆದದ್ದು, ಇವೆಲ್ಲ ಸರಿಯಾಗಿಯೇ ಇವೆ. ಆದರೆ ಒಂದೂ ಏಕೆ ನಡೆಯಿತೆಂದು ತಾವು ಕೇಳಿಕೊಂಡಿಲ್ಲ.

1869ರಲ್ಲಿ ‘ಉದಾರ ಮನಸ್ಸಿನ ಶಾಸಕರು’ ಮಹಿಳೆಯರಿಗೆ ಮತದಾನದ ಹಕ್ಕು ಕೊಟ್ಟರೆಂದು ಬರೆದಿದ್ದೀರಿ. ವಯಸ್ಕ ಗಂಡಸರು ಹೆಂಗಸರ ಸುಮಾರು ಆರು ಪಟ್ಟು ಇದ್ದ ಆ ಪ್ರಾಂತ್ಯಕ್ಕೆ ಪ್ರಚಾರವೂ ವಲಸೆಗಾರರೂ ಬೇಕಾಗಿದ್ದರು. ಶಾಸನಸಭೆಯಲ್ಲಿದ್ದವರೆಲ್ಲರೂ ಡೆಮಾಕ್ರಟರು, ಗವರ್ನರ್ ಜಾನ್ ಕ್ಯಾಂಪ್‌ಬೆಲ್ ಎದುರು ಪಕ್ಷದ ರಿಪಬ್ಲಿಕನ್. ಹಾಗಿದ್ದೂ ಡಿಸೆಂಬರ್ 10ರಂದು ಕ್ಯಾಂಪ್‌ಬೆಲ್ ಆ ಕಾನೂನಿಗೆ ಸಹಿ ಹಾಕಿದರು. ಮರುವರ್ಷ ಎಸ್ತರ್ ಮೋರಿಸ್ ಸೌತ್ ಪಾಸ್ ಸಿಟಿಯಲ್ಲಿ ನ್ಯಾಯಾಧಿಕಾರಿಯಾದರು, ಲಾರಮಿಯಲ್ಲಿ ಹೆಂಗಸರು ನ್ಯಾಯಾಲಯದ ಜ್ಯೂರಿಯಲ್ಲಿ (ತೀರ್ಪು ಹೇಳುವ ನಾಗರಿಕರ ಮಂಡಳಿಯಲ್ಲಿ) ಕುಳಿತರು. 1871ರಲ್ಲಿ ಶಾಸನಸಭೆಯೇ ಆ ಕಾನೂನನ್ನು ರದ್ದುಪಡಿಸಲು ಹೊರಟಾಗ ಕ್ಯಾಂಪ್‌ಬೆಲ್ ತಡೆದರು. ಅವರ ತಡೆಯನ್ನು ಮೀರಲು ಮೇಲ್ಮನೆಯಲ್ಲಿ ಒಂದೇ ಒಂದು ಮತ ಸಾಲದೆ ಹೋಯಿತು. ಕೊಟ್ಟ ಶಾಸನಸಭೆಯೇ ಎರಡು ವರ್ಷದೊಳಗೆ ಕಿತ್ತುಕೊಳ್ಳಲು ಹೊರಟ ಈ ಸಂಗತಿಯೇ ತಮ್ಮ ಲೇಖನದ ಜೀವಾಳವಾಗಬೇಕಿತ್ತು. ತಮ್ಮಲ್ಲಿ ಅದಕ್ಕೆ ಒಂದು ಸಾಲೂ ಇಲ್ಲ, ಯೆಲ್ಲೋಸ್ಟೋನಿನ ಬಿಸಿನೀರ ಚಿಲುಮೆಗಳಿಗೆ ಮಾತ್ರ ಒಂದು ಪುಟವಿದೆ! ಪ್ರವಾಸಕಥನಗಳಲ್ಲಿ ನಮ್ಮ ಓದುಗರು ಅವನ್ನು ಸಾಕಷ್ಟು ನೋಡಿದ್ದಾರೆ.

ಇನ್ನೊಂದು ಲೋಪ ಇದಕ್ಕಿಂತ ಗಂಭೀರ. ತಾವು ಹೊಗಳಿರುವ ಯೂನಿಯನ್ ಪೆಸಿಫಿಕ್ ರೈಲು ಕಂಪನಿಗೆ ಕಲ್ಲಿದ್ದಲು ಒದಗಿಸುತ್ತಿದ್ದ ರಾಕ್ ಸ್ಪ್ರಿಂಗ್ಸ್ ಗಣಿಗಳಿಗೆ, 1875ರ ಮುಷ್ಕರವನ್ನು ಮುರಿಯಲೆಂದು ಚೀನೀ ಕಾರ್ಮಿಕರನ್ನು ತರಲಾಯಿತು. ಅಲ್ಲಿಂದ ಬೆಳೆದ ದ್ವೇಷ 1885ರ ಸೆಪ್ಟೆಂಬರ್ 2ರಂದು ಸ್ಫೋಟಿಸಿ, ಬಿಳಿಯ ಗಣಿಗಾರರು 28 ಚೀನೀಯರನ್ನು ಕೊಂದು ಅವರ ಮನೆಗಳಿಗೆ ಬೆಂಕಿಯಿಟ್ಟರು. ಯಾರಿಗೂ ಶಿಕ್ಷೆಯಾಗಲಿಲ್ಲ; ಬದುಕುಳಿದವರನ್ನು ಸೈನ್ಯದ ಕಾವಲಿನಲ್ಲಿ ಅದೇ ಊರಿಗೆ ಮರಳಿಸಿ ಗಣಿ ನಡೆಸಲಾಯಿತು. ವಯೋಮಿಂಗಿನ ‘ಸಮಾನತೆಯ ರಾಜ್ಯ’ ಎಂಬ ಬಿರುದನ್ನು ಶೀರ್ಷಿಕೆಯ ಕೆಳಗೇ ಅಚ್ಚು ಹಾಕಬಯಸುವವರು ಈ ಘಟನೆಯನ್ನು ಬಿಟ್ಟು ಬರೆಯುವುದನ್ನು ನಾನು ಒಪ್ಪಲಾರೆ.

ಆದ್ದರಿಂದ ಇಸವಿಗಳ ಪಟ್ಟಿಯನ್ನು ಕೈಬಿಟ್ಟು, 1869ರಿಂದ 1871ರವರೆಗಿನ ಕಥೆಯನ್ನು ಮಾತ್ರ ಹಿಡಿದು, ಯಾರು ಯಾವ ಲೆಕ್ಕಾಚಾರದಿಂದ ಮತ ಹಾಕಿದರೆಂಬುದನ್ನು ತೋರಿಸಿ ಹೊಸದಾಗಿ ಬರೆದು ಕಳುಹಿಸಿ. ರಾಕ್ ಸ್ಪ್ರಿಂಗ್ಸ್‌ಗೆ ಪ್ರತ್ಯೇಕ ಲೇಖನವೇ ಬೇಕು. ಅದನ್ನೂ ತಾವೇ ಬರೆಯುವುದಾದರೆ ತಿಳಿಸಿ.

ಇತಿ,
ಸಂಪಾದಕ