ಲೈಫ್‌ರೇ ಪೋರ್ಟಲ್ ಕಲಿಯಲು ಹಳೆಯ ಆವೃತ್ತಿಯ ಪುಸ್ತಕ ಕೊಳ್ಳಬಹುದೇ?

ನೀವು ಕೇಳಿರುವುದು ಇಷ್ಟು: ಕೆಲಸದಲ್ಲಿ ಲೈಫ್‌ರೇ (ಪೋರ್ಟಲ್, ಅಂದರೆ ಲಾಗಿನ್ ಆಗಿ ಹಲವು ಸೇವೆಗಳನ್ನು ಒಂದೇ ಕಡೆ ಬಳಸುವ ಜಾಲತಾಣ, ಕಟ್ಟುವ ಸಾಫ್ಟ್‌ವೇರ್) 7.4 ಬಳಸಬೇಕು, ಕಣ್ಣಿಗೆ ಬಿದ್ದಿರುವ ದಪ್ಪ ಪುಸ್ತಕ 7.0ರ ಕಾಲದ್ದು, ಓದಿದವರು ಹೊಗಳಿದ್ದಾರೆ, ಆದರೆ ಆವೃತ್ತಿ ಹಳೆಯದಾದ್ದರಿಂದ ದುಡ್ಡು ದಂಡವಾದೀತೇ ಎಂಬ ಅಳುಕು.

ಪೋರ್ಟಲ್ ಕೆಲಸಕ್ಕೆ ಹೊಸದಾಗಿ ಬಂದಾಗ ನಾನು ಹಾಕಿದ ಲೆಕ್ಕವೂ ಇದೇ. ಆಗ ನಮ್ಮಲ್ಲಿ ಇದ್ದದ್ದು 6.2. ಬೇರೆ ಆವೃತ್ತಿಯವನ್ನೆಲ್ಲ ಬದಿಗಿಟ್ಟು, ಹುಡುಕಿ ಹುಡುಕಿ 6.2ಕ್ಕೆಂದೇ ಬರೆದ ಪುಸ್ತಕ ತರಿಸಿಕೊಂಡೆ. ಅದರಲ್ಲಿದ್ದ ಉದಾಹರಣೆಗಳೆಲ್ಲ ಅಚ್ಚಿನಲ್ಲಿ ಇದ್ದ ಹಾಗೇ ಓಡಿದವು, ಒಂದು ಅಕ್ಷರ ಬದಲಿಸಬೇಕಾಗಲಿಲ್ಲ. ಆ ಪುಸ್ತಕವನ್ನು ನಂಬಿ ಬರೆದ ಕೋಡೇ ಮುಂದೆ ಬೇರೆಯವರ ಖಾಸಗಿ ಕಾಗದಪತ್ರಗಳನ್ನು ಬಯಲಿಗಿಟ್ಟಿತು. ಹಾಗಾಗಿ ಆವೃತ್ತಿಯ ಪ್ರಶ್ನೆಯನ್ನು ಮೊದಲ ಪ್ರಶ್ನೆ ಅಂತ ನಾನು ಒಪ್ಪುವುದಿಲ್ಲ.

ನಡೆದದ್ದನ್ನು ಹೇಳುತ್ತೇನೆ. ಸಂಸ್ಥೆಯೊಂದರ ಒಳಬಳಕೆಯ ಪೋರ್ಟಲ್. ರಜೆ, ವರ್ಗಾವಣೆ, ವೈದ್ಯಕೀಯ ಖರ್ಚಿನ ಮರುಪಾವತಿ, ಹೀಗೆ ನೌಕರರು ಅರ್ಜಿ ಹಾಕುವ ಪೋರ್ಟ್‌ಲೆಟ್ (ಪೋರ್ಟಲ್ ಪುಟದೊಳಗೆ ಕೂರುವ ಪುಟ್ಟ ಅಪ್ಲಿಕೇಶನ್) ಬರೆಯುವುದು ನನ್ನ ಪಾಲಿಗೆ ಬಂದಿತ್ತು. ಲೈಫ್‌ರೇಯಲ್ಲಿ ಡೇಟಾಬೇಸಿನ ಕೆಲಸಕ್ಕೆ ಸರ್ವಿಸ್ ಬಿಲ್ಡರ್ ಅಂತ ಒಂದು ಸಲಕರಣೆ ಇದೆ. ಸರ್ವಿಸ್.ಎಕ್ಸ್‌ಎಂಎಲ್ ಎಂಬ ಫೈಲಿನಲ್ಲಿ ಟೇಬಲ್ ಹೇಗಿರಬೇಕು ಅಂತ ಬರೆದು ಓಡಿಸಿದರೆ ಉಳಿದ ಕೋಡಿನ ಬಹುಪಾಲನ್ನು ಅದೇ ಬರೆದುಕೊಡುತ್ತದೆ. ನೀವು ಕೇಳಿದರೆ ಎರಡು ಬಗೆಯ ಸರ್ವಿಸ್‌ಗಳು ಸಿಗುತ್ತವೆ: ಒಂದು ಲೋಕಲ್, ಇನ್ನೊಂದು ರಿಮೋಟ್. ಲೋಕಲ್ ಎಂದರೆ ಅದೇ ಸರ್ವರಿನ ಒಳಗೆ ಕರೆಯಲು, ರಿಮೋಟ್ ಎಂದರೆ ವೆಬ್ ಸರ್ವಿಸ್ ಮೂಲಕ ಹೊರಗಿನವರು ಕರೆಯಲು, ಇಷ್ಟನ್ನು ಹೇಳಿ ಪುಸ್ತಕ ಮುಂದಕ್ಕೆ ಹೋಗಿತ್ತು. ಹೇಳಿದ್ದು ಸುಳ್ಳೇನಲ್ಲ. ನಮ್ಮ ಅರ್ಜಿಗಳನ್ನು ಕರೆಯುವ ಹೊರಗಿನ ಸಾಫ್ಟ್‌ವೇರ್ ಯಾವುದೂ ಇರಲಿಲ್ಲ. ಸರಿ, ರಿಮೋಟ್ ಸರ್ವಿಸ್ ನಮಗೆ ಬೇಡ ಅಂತ ತೀರ್ಮಾನಿಸಿ, ಪುಸ್ತಕದ ಉದಾಹರಣೆಗಳಲ್ಲಿ ಇದ್ದ ಹಾಗೆ ಎಲ್ಲ ಕಡೆ ಲೋಕಲ್ ಸರ್ವಿಸನ್ನೇ ಕರೆದೆ.

ತಪ್ಪಾದದ್ದು ಇಲ್ಲಿ, ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ಆ ಎರಡು ಸರ್ವಿಸ್‌ಗಳ ನಡುವಿನ ಮುಖ್ಯ ವ್ಯತ್ಯಾಸ ಒಳಗಿನವರು ಹೊರಗಿನವರು ಎಂಬುದಲ್ಲ. ಪರ್ಮಿಶನ್ ತಪಾಸಣೆ ಎಲ್ಲಿ ನಡೆಯುತ್ತದೆ ಎಂಬುದು. ಲೈಫ್‌ರೇಯ ಪದ್ಧತಿ ಹೀಗಿದೆ: ರಿಮೋಟ್ ಸರ್ವಿಸಿನ ಮೆಥಡ್ (ಒಂದು ಕೆಲಸ ಮಾಡುವ ಕೋಡಿನ ತುಣುಕು) ಮೊದಲು ಪರ್ಮಿಶನ್ ಚೆಕರನ್ನು ಕೇಳುತ್ತದೆ, ಈ ಬಳಕೆದಾರರಿಗೆ ಈ ದಾಖಲೆಯ ಮೇಲೆ ಈ ಕೆಲಸ ಮಾಡುವ ಹಕ್ಕಿದೆಯೇ ಅಂತ. ಇದೆ ಅಂದರೆ ಲೋಕಲ್ ಸರ್ವಿಸನ್ನು ಕರೆಯುತ್ತದೆ, ಇಲ್ಲದಿದ್ದರೆ ಎಕ್ಸೆಪ್ಷನ್ ಎಸೆದು ಅಲ್ಲಿಗೇ ನಿಲ್ಲಿಸುತ್ತದೆ. ಲೋಕಲ್ ಸರ್ವಿಸ್ ಯಾರನ್ನೂ ಏನನ್ನೂ ಕೇಳುವುದಿಲ್ಲ. ತನ್ನನ್ನು ಕರೆಯುವ ಮೊದಲೇ ಯಾರೋ ಕೇಳಿರುತ್ತಾರೆ ಎಂಬ ನಂಬಿಕೆಯ ಮೇಲೆ ಅದು ಕೆಲಸ ಮಾಡುತ್ತದೆ. ದಾಖಲೆಯ ಐಡಿ ಕೊಟ್ಟರೆ ದಾಖಲೆ ತಂದುಕೊಡುತ್ತದೆ, ಅಳಿಸು ಅಂದರೆ ಅಳಿಸುತ್ತದೆ. ನನ್ನ ಕೋಡಿನಲ್ಲಿ ಆ ಮೊದಲು ಕೇಳುವ ಪದರವೇ ಇರಲಿಲ್ಲ.

ಪರ್ಮಿಶನ್ ಬಗ್ಗೆ ನಾನು ಏನೂ ಮಾಡಿರಲಿಲ್ಲ ಅಂತಲ್ಲ. ಪುಸ್ತಕದ ಕೊನೆಯ ಕಡೆ ಆ ಬಗ್ಗೆ ಕೆಲವು ಪುಟಗಳಿದ್ದವು, ಅವನ್ನು ಓದಿದ್ದೆ. ಹಕ್ಕಿಲ್ಲದವರಿಗೆ ಎಡಿಟ್ ಬಟನ್ ಕಾಣದ ಹಾಗೆ ಪುಟದ ನೋಟವನ್ನು ಬರೆಯುವ ಜೆಎಸ್‌ಪಿ ಫೈಲಿನಲ್ಲಿ ಒಂದು ಷರತ್ತು ಹಾಕುವುದು ಹೇಗೆ ಅಂತ ಅಲ್ಲಿ ತೋರಿಸಿದ್ದರು, ಹಾಗೇ ಮಾಡಿದ್ದೆ. ಬಟನ್ ಮಾಯವಾಯಿತು, ಕೆಲಸ ಮುಗಿಯಿತು ಅಂದುಕೊಂಡೆ. ಮುಂಬಾಗಿಲಿಗೆ ಬೀಗ ಜಡಿದು ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ ಅದು. ಬಟನ್ ಕಾಣದಿದ್ದರೇನು, ಅದು ಕರೆಯುವ ವಿಳಾಸ ಇದ್ದೇ ಇರುತ್ತದೆ. ಬ್ರೌಸರಿನ ವಿಳಾಸಪಟ್ಟಿಯಲ್ಲಿ ಅರ್ಜಿಯ ಐಡಿ ಎಲ್ಲರಿಗೂ ಕಾಣುತ್ತಿತ್ತು. ಒಬ್ಬರು ನೌಕರರು ತಮ್ಮ ಅರ್ಜಿ ನೋಡುತ್ತಿದ್ದಾಗ ಆ ಸಂಖ್ಯೆಯ ಕೊನೆಯ ಅಂಕಿ ಬದಲಿಸಿ ಎಂಟರ್ ಒತ್ತಿದ್ದಾರೆ. ಸಹೋದ್ಯೋಗಿಯೊಬ್ಬರ ವೈದ್ಯಕೀಯ ಮರುಪಾವತಿಯ ಅರ್ಜಿ, ಕಾಯಿಲೆಯ ವಿವರದ ಸಮೇತ, ತೆರೆದುಕೊಂಡಿದೆ. ಅವರು ಅದನ್ನು ಮುಚ್ಚಿ ನೇರ ನಮಗೆ ತಿಳಿಸಿದರು. ಅವರ ಈ ಸಜ್ಜನಿಕೆಗೆ ನಾನು ಇವತ್ತಿಗೂ ಋಣಿ.

ಪೋರ್ಟ್‌ಲೆಟನ್ನು ಅಂದೇ ಬಳಕೆಯಿಂದ ಇಳಿಸಿದೆವು. ಸರಿಪಡಿಸುವುದು ಒಂದೆರಡು ಸಾಲಿನ ಕೆಲಸವಾಗಿರಲಿಲ್ಲ. ರಿಮೋಟ್ ಸರ್ವಿಸ್ ಹುಟ್ಟಿಸಿ, ಪ್ರತಿ ಮೆಥಡ್‌ಗೂ ತಪಾಸಣೆ ಬರೆದು, ಪೋರ್ಟ್‌ಲೆಟಿನ ಎಲ್ಲ ಕರೆಗಳನ್ನೂ ಅದರ ಕಡೆ ತಿರುಗಿಸಿದ ಮೇಲೆ ಇನ್ನೊಂದು ತೊಡಕು ಎದುರಾಯಿತು. ಯಾವುದೇ ದಾಖಲೆ ಸೃಷ್ಟಿಯಾಗುವಾಗಲೇ ಅದಕ್ಕೆ ಸಂಬಂಧಿಸಿದ ರಿಸೋರ್ಸ್ ನಮೂದುಗಳೂ (ಅದರ ಮೇಲೆ ಯಾರಿಗೆ ಏನು ಹಕ್ಕು ಎಂಬ ಗುರುತುಗಳು) ಸೇರಬೇಕು, ಅವುಗಳ ಆಧಾರದ ಮೇಲೆಯೇ ಪರ್ಮಿಶನ್ ಚೆಕರ್ ಉತ್ತರ ಕೊಡುವುದು. ಹಳೆಯ ಅರ್ಜಿಗಳಿಗೆ ಅವು ಇರಲೇ ಇಲ್ಲ. ತಪಾಸಣೆ ಶುರುವಾದ ಕೂಡಲೇ ಜನರಿಗೆ ತಮ್ಮದೇ ಅರ್ಜಿ ಕಾಣದಾಯಿತು. ಹಳೆಯ ದಾಖಲೆಗಳಿಗೆಲ್ಲ ಆ ನಮೂದು ಸೇರಿಸುವ ಸ್ಕ್ರಿಪ್ಟ್ ಬರೆದು ಓಡಿಸಿದ ಮೇಲೆ ಒಂದು ಹದಕ್ಕೆ ಬಂತು. ಯಾರ ಅರ್ಜಿ ಬಯಲಾಗಿತ್ತೋ ಅವರ ಮುಂದೆ ಕುಳಿತು ವಿಷಯ ಹೇಳಬೇಕಾದದ್ದು ಈ ಎಲ್ಲ ಕೆಲಸಕ್ಕಿಂತ ಕಷ್ಟದ್ದಾಗಿತ್ತು.

ಟೆಸ್ಟಿಂಗ್‌ನಲ್ಲಿ ಯಾಕೆ ಸಿಗಲಿಲ್ಲ ಅಂತ ಕೇಳಬಹುದು. ಅದಕ್ಕೂ ಪುಸ್ತಕಕ್ಕೂ ನಂಟಿದೆ. ಲೈಫ್‌ರೇಯನ್ನು ಹೊಸದಾಗಿ ಹಾಕಿದಾಗ ಟೆಸ್ಟ್ ಟೆಸ್ಟ್ ಎಂಬ ಹೆಸರಿನ ಅಡ್ಮಿನ್ ಬಳಕೆದಾರ ತಾನಾಗಿಯೇ ಇರುತ್ತಾನೆ. ಪುಸ್ತಕದಲ್ಲಿದ್ದ ಚಿತ್ರಗಳಲ್ಲೆಲ್ಲ ಪುಟದ ಮೇಲ್ಗಡೆ ಮೂಲೆಯಲ್ಲಿ ಇದ್ದದ್ದು ಅದೇ ಹೆಸರು. ನಾನೂ ಅದೇ ಲಾಗಿನ್‌ನಲ್ಲಿ ಕೂತು ಬರೆದೆ, ಅದರಲ್ಲೇ ಪರೀಕ್ಷಿಸಿದೆ. ಅಡ್ಮಿನ್ ಕೇಳಿದಾಗ ಪರ್ಮಿಶನ್ ಚೆಕರ್ ಹೌದು ಎಂದೇ ಹೇಳುತ್ತದೆ. ತಪಾಸಣೆ ಇದ್ದರೂ ಇಲ್ಲದಿದ್ದರೂ ಆ ಲಾಗಿನ್‌ನಲ್ಲಿ ಪುಟ ಒಂದೇ ತರಹ ಕಾಣುತ್ತದೆ. ಅಷ್ಟು ದಪ್ಪ ಪುಸ್ತಕದಲ್ಲಿ ಸಾಮಾನ್ಯ ನೌಕರರೊಬ್ಬರ ಕಣ್ಣಿನಿಂದ ಪೋರ್ಟಲನ್ನು ನೋಡಿದ ಚಿತ್ರ ಒಂದೂ ಇರಲಿಲ್ಲ.

ಈಗ ಪೋರ್ಟಲ್ ಕುರಿತ ಯಾವ ಪುಸ್ತಕ ಕೈಗೆ ಬಂದರೂ ನಾನು ಮೊದಲು ನೋಡುವುದು ಆ ಚಿತ್ರಗಳನ್ನೇ. ಆನ್‌ಲೈನಿನಲ್ಲಿ ಸಿಗುವ ಮಾದರಿ ಪುಟಗಳಷ್ಟೇ ಸಾಕು. ಎಲ್ಲ ಚಿತ್ರಗಳೂ ಅಡ್ಮಿನ್ ಲಾಗಿನ್‌ನವೇ ಆಗಿದ್ದರೆ ಅನುಮಾನ ಬರಬೇಕು. ಆಮೇಲೆ ಕೊನೆಯ ಪದಸೂಚಿ. ಪರ್ಮಿಶನ್ ಚೆಕರ್ ಎಂಬುದರ ಮುಂದೆ ಎಷ್ಟು ಪುಟಗಳಿವೆ, ಅವು ಒಂದೇ ಕಡೆ ಗುಂಪಾಗಿವೆಯೋ ಪುಸ್ತಕದ ಉದ್ದಕ್ಕೂ ಹರಡಿವೆಯೋ ನೋಡಿ. ಹರಡಿದ್ದರೆ ಒಳ್ಳೆಯದು, ಪ್ರತಿ ಉದಾಹರಣೆಯಲ್ಲೂ ಲೇಖಕರು ಅದನ್ನು ಯೋಚಿಸಿದ್ದಾರೆ ಎಂದರ್ಥ. ಫಿಲ್ಟರ್‌ಫೈಂಡ್ ಮೆಥಡ್‌ಗಳ ಬಗ್ಗೆ ಇದೆಯೇ ಹುಡುಕಿ. ಪಟ್ಟಿ ತೋರಿಸುವಾಗ, ನೋಡುವ ಹಕ್ಕಿರುವ ದಾಖಲೆಗಳನ್ನಷ್ಟೇ ಡೇಟಾಬೇಸಿನಿಂದ ಆರಿಸಿ ತರುವ ಮೆಥಡ್‌ಗಳು ಅವು, ಸರ್ವಿಸ್ ಬಿಲ್ಡರ್ ತಾನೇ ಬರೆದುಕೊಡುತ್ತದೆ. ಹುಡುಕಾಟದ ಅಧ್ಯಾಯವಿದ್ದರೆ, ಫಲಿತಾಂಶದಲ್ಲಿ ಹಕ್ಕಿಲ್ಲದ ದಾಖಲೆಯ ಶೀರ್ಷಿಕೆ ಇಣುಕದ ಹಾಗೆ ಏನು ಮಾಡಬೇಕು ಅಂತ ಹೇಳಿದ್ದಾರೆಯೇ ನೋಡಿ. ಶೀರ್ಷಿಕೆಯೊಂದೇ ಸಾಕು ಗುಟ್ಟು ರಟ್ಟಾಗಲು.

ಪೋರ್ಟ್‌ಲೆಟಿನ ಹಂತಗಳನ್ನು ವಿವರಿಸುವ ರೀತಿಯನ್ನೂ ನಾನು ಗಮನಿಸುತ್ತೇನೆ. 2003ರಲ್ಲಿ ಬಂದ ಜೆಎಸ್‌ಆರ್ 168 ಎಂಬ ಮೊದಲ ಪೋರ್ಟ್‌ಲೆಟ್ ನಿಯಮಾವಳಿಯಲ್ಲಿ ಆಕ್ಷನ್ (ಬಳಕೆದಾರರು ಕೇಳಿದ ಕೆಲಸ ಮಾಡುವುದು), ರೆಂಡರ್ (ಪುಟದಲ್ಲಿ ತೋರಿಸುವುದು) ಎಂಬ ಎರಡು ಹಂತಗಳಿದ್ದವು. 2008ರ ಜೆಎಸ್‌ಆರ್ 286 ಅದಕ್ಕೆ ಈವೆಂಟ್, ರಿಸೋರ್ಸ್ ಹಂತಗಳನ್ನು ಸೇರಿಸಿತು. ಹಂತಗಳ ಹೆಸರನ್ನು ಎಲ್ಲ ಪುಸ್ತಕಗಳೂ ಒಪ್ಪಿಸುತ್ತವೆ. ಒಂದು ಪುಟದಲ್ಲಿ ನಾಲ್ಕು ಪೋರ್ಟ್‌ಲೆಟ್‌ಗಳಿದ್ದು ಒಂದರಲ್ಲಿ ಬಟನ್ ಒತ್ತಿದರೆ ಆಕ್ಷನ್ ನಡೆಯುವುದು ಅದೊಂದರಲ್ಲಿ, ಆದರೆ ಪುಟ ಮತ್ತೆ ಬರುವಾಗ ಉಳಿದ ಮೂರರ ರೆಂಡರ್ ಕೂಡ ನಡೆಯಬಹುದು, ಆದ್ದರಿಂದ ರೆಂಡರ್ ಒಳಗೆ ಡೇಟಾಬೇಸನ್ನು ತಿದ್ದುವ ಕೋಡ್ ಬರೆಯಬಾರದು. ಈ ಕಾರಣವನ್ನು ಸೇರಿಸಿ ಹೇಳುವ ಪುಸ್ತಕ ಸಿಕ್ಕರೆ ಅದರ ಲೇಖಕರು ಪ್ರೊಡಕ್ಷನ್ ಸರ್ವರಿನ, ಅಂದರೆ ಜನ ನಿಜವಾಗಿ ಬಳಸುವ ಸರ್ವರಿನ, ಬಿಸಿ ಉಂಡವರು ಎಂದು ನಂಬಬಹುದು.

ಇನ್ನು ನಿಮ್ಮ ಆವೃತ್ತಿಯ ಅಳುಕು. ಹಳತಾಗುವುದು ಯಾವುದು ಎಂಬುದರಲ್ಲಿ ವಿವೇಚನೆ ಬೇಕು. 6.2ರಿಂದ 7.0ಕ್ಕೆ ಬಂದಾಗ ನಿಜವಾಗಿಯೂ ಬುಡಮೇಲಾಯಿತು. 2016ರಲ್ಲಿ ಬಂದ 7.0 ಇಡೀ ಪೋರ್ಟಲನ್ನು ಓಎಸ್‌ಜಿಐ (ಜಾವಾ ಕೋಡನ್ನು ಬಿಡಿಭಾಗಗಳಾಗಿ ಜೋಡಿಸುವ ಪದ್ಧತಿ) ಮಾಡ್ಯೂಲ್‌ಗಳಾಗಿ ಒಡೆಯಿತು, ಕೋಡ್ ಕಟ್ಟುವ ಸಲಕರಣೆಯಾದ ಪ್ಲಗಿನ್ಸ್ ಎಸ್‌ಡಿಕೆ ಜಾಗಕ್ಕೆ ಗ್ರೇಡಲ್ ಆಧಾರಿತ ವರ್ಕ್‌ಸ್ಪೇಸ್ ಬಂತು, ಹುಡುಕಾಟಕ್ಕೆ ಲೂಸೀನ್ ಜಾಗದಲ್ಲಿ ಇಲಾಸ್ಟಿಕ್‌ಸರ್ಚ್ ಬಂತು, ಎಷ್ಟೋ ಕ್ಲಾಸ್‌ಗಳ ಪ್ಯಾಕೇಜ್ ಹೆಸರಿನ ನಡುವೆ ಕರ್ನಲ್ ಎಂಬ ಪದ ಸೇರಿಕೊಂಡು ಹಳೆಯ ಕೋಡ್ ಕಂಪೈಲೇ ಆಗದಾಯಿತು. ನಿಮ್ಮದು 7.0ರಿಂದ 7.4ಕ್ಕೆ, ಅಷ್ಟು ದೂರದ ಹಾದಿಯಲ್ಲ. ಮಾಡ್ಯೂಲ್‌ಗಳ ಅಧ್ಯಾಯ ಇವತ್ತಿಗೂ ನಡೆಯುತ್ತದೆ. ಮೆನು ಎಲ್ಲಿದೆ, ಯಾವ ಬಟನ್ ಒತ್ತಬೇಕು ಎಂಬ ಪುಟಗಳು ಹೊಂದುವುದಿಲ್ಲ, ಅವನ್ನು ಹಾರಿಸಿ. 7.4ರಲ್ಲಿ ಬಂದಿರುವ ಆಬ್ಜೆಕ್ಟ್ಸ್, ಕ್ಲೈಂಟ್ ಎಕ್ಸ್‌ಟೆನ್ಷನ್ ಎಂಬ ಹೊಸ ಸೌಲಭ್ಯಗಳು ಹೇಗೂ ಆ ಪುಸ್ತಕದಲ್ಲಿ ಇರುವುದಿಲ್ಲ, ಅವಕ್ಕೆ ಅಧಿಕೃತ ದಾಖಲೆಗಳನ್ನೇ ಓದಿ. ಸೈಟ್, ಆರ್ಗನೈಸೇಶನ್, ಯೂಸರ್ ಗ್ರೂಪ್ ಇವುಗಳಲ್ಲಿ ಯಾವುದನ್ನು ಯಾವಾಗ ಬಳಸಬೇಕು, ರೋಲ್‌ಗಳನ್ನು (ಹಕ್ಕುಗಳ ಕಟ್ಟುಗಳನ್ನು) ಯಾವ ಮಟ್ಟದಲ್ಲಿ ಕೊಡಬೇಕು, ಇವು 6.2ರಲ್ಲೂ ಇದ್ದ ಪ್ರಶ್ನೆಗಳು, ಇವತ್ತೂ ಇರುವ ಪ್ರಶ್ನೆಗಳು. ಇಲ್ಲಿ ತಪ್ಪಿದರೆ ಆಮೇಲೆ ತಿದ್ದುವುದು ಬಹಳ ಕಷ್ಟ. ಇದನ್ನು ಚೆನ್ನಾಗಿ ಬರೆದಿರುವ ಹಳೆಯ ಪುಸ್ತಕ, ಇದನ್ನು ಮುಟ್ಟದ ಹೊಸ ಪುಸ್ತಕಕ್ಕಿಂತ ನನಗೆ ಮೇಲು.

ಹೊಗಳಿಕೆಯ ವಿಮರ್ಶೆಗಳಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಉದಾಹರಣೆಗಳು ಓಡಿದ ಸಂತೋಷದಲ್ಲಿ ಜನ ಬರೆಯುತ್ತಾರೆ. ಆ ಹಂತದಲ್ಲಿ ನನ್ನನ್ನು ಕೇಳಿದ್ದರೆ ನಾನೂ ನನ್ನ ಪುಸ್ತಕಕ್ಕೆ ಪೂರ್ತಿ ಅಂಕ ಕೊಡುತ್ತಿದ್ದೆ. ಪ್ರೊಡಕ್ಷನ್‌ಗೆ ಹಾಕಿ, ಅಪ್‌ಗ್ರೇಡ್ ಮಾಡಿ, ಪೆಟ್ಟು ತಿಂದ ಮೇಲೆ ವಾಪಸು ಬಂದು ವಿಮರ್ಶೆ ತಿದ್ದುವವರು ಅಪರೂಪ. ಎಲ್ಲೋ ಒಬ್ಬರು ಮೂರು ನಕ್ಷತ್ರ ಕೊಟ್ಟು, ಈ ಅಧ್ಯಾಯದಲ್ಲಿ ಇಂಥದ್ದು ಬಿಟ್ಟುಹೋಗಿದೆ ಅಂತ ಬರೆದಿದ್ದರೆ ಅದನ್ನು ಎರಡು ಸಲ ಓದಿ.

ಪುಸ್ತಕವೇ ಬೇಡ, ಆನ್‌ಲೈನ್ ದಾಖಲೆ ಸಾಕು ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ದಾಖಲೆ ಒಂದೊಂದು ವಿಷಯವನ್ನು ಬಿಡಿಬಿಡಿಯಾಗಿ ಹೇಳುತ್ತದೆ. ಒಬ್ಬರೇ ಕೂತು ಮೊದಲಿನಿಂದ ಕೊನೆವರೆಗೆ ಒಂದು ಪೋರ್ಟಲ್ ಕಟ್ಟಿ ತೋರಿಸಿದಾಗ ಬರುವ ತಿಳಿವಳಿಕೆ ಬೇರೆಯೇ. ಆದರೆ ಪುಸ್ತಕ ಓದುವಾಗ ಪಕ್ಕದಲ್ಲಿ ಲೈಫ್‌ರೇಯ ಮೂಲ ಕೋಡನ್ನೂ ತೆರೆದಿಟ್ಟುಕೊಳ್ಳಿ, ಕಮ್ಯುನಿಟಿ ಆವೃತ್ತಿಯ ಕೋಡ್ ಎಲ್ಲರಿಗೂ ಮುಕ್ತವಾಗಿದೆ. ಅದರಲ್ಲಿ ಬ್ಲಾಗ್ಸ್ ಮಾಡ್ಯೂಲಿನ ಬ್ಲಾಗ್ಸ್‌ಎಂಟ್ರಿಸರ್ವಿಸ್‌ಇಂಪ್ಲ್ ಎಂಬ ಕ್ಲಾಸ್ ನೋಡಿ. ಹೊಸ ಬರಹ ಸೇರಿಸುವ ಮೆಥಡ್ ಮೊದಲು ಹಕ್ಕಿದೆಯೇ ಅಂತ ಕೇಳಿ, ಆಮೇಲೆ ಲೋಕಲ್ ಸರ್ವಿಸನ್ನು ಕರೆಯುವುದು ಅಲ್ಲೇ ಕಾಣುತ್ತದೆ. ನಿಮ್ಮ ಪುಸ್ತಕದ ಉದಾಹರಣೆಯೂ ಅದೇ ರೀತಿ ಇದೆಯೇ ಅಂತ ಪಕ್ಕಪಕ್ಕ ಇಟ್ಟು ಹೋಲಿಸಿ. ನಾನು ಇದೊಂದನ್ನು ಮಾಡಿದ್ದರೆ ಆ ಅನಾಹುತ ಆಗುತ್ತಿರಲಿಲ್ಲ.

ಹಾಗಾಗಿ ಈಗಲೇ ಕೊಳ್ಳಬೇಡಿ, ಬಿಟ್ಟುಬಿಡಲೂ ಬೇಡಿ. ಮಾದರಿ ಪುಟಗಳಲ್ಲಿ ಸರ್ವಿಸ್ ಬಿಲ್ಡರ್ ಅಧ್ಯಾಯ ಸಿಕ್ಕರೆ ತೆರೆದು, ಪೋರ್ಟ್‌ಲೆಟ್ ಕ್ಲಾಸಿನಿಂದ ಯಾವ ಸರ್ವಿಸನ್ನು ಕರೆದಿದ್ದಾರೆ ನೋಡಿ. ಲೋಕಲ್ ಸರ್ವಿಸನ್ನು ನೇರ ಕರೆದು, ಎಲ್ಲೂ ತಪಾಸಣೆ ಮಾಡದೆ, ಯಾಕೆ ಅಂತಲೂ ಹೇಳದೆ ಮುಂದೆ ಹೋಗಿದ್ದರೆ ಆ ಪುಸ್ತಕ 7.4ಕ್ಕೇ ಬರೆದದ್ದಾದರೂ ಬೇಡ. ತಪಾಸಣೆ ಮಾಡಿ ಕಾರಣವನ್ನೂ ವಿವರಿಸಿದ್ದರೆ 7.0ರದ್ದೇ ಕೊಳ್ಳಿ, ಆ ಅಧ್ಯಾಯದಿಂದಲೇ ಓದಲು ಶುರು ಮಾಡಿ, ಮೊದಲ ದಿನವೇ ಯಾವ ಅಧಿಕಾರವೂ ಇಲ್ಲದ ಸಾಮಾನ್ಯ ಬಳಕೆದಾರರ ಲಾಗಿನ್ ಎರಡು ಮಾಡಿಟ್ಟುಕೊಳ್ಳಿ. ಪರಿವಿಡಿಯನ್ನು ಕಳಿಸಿದರೆ ನಾನೂ ನೋಡಿ ನನ್ನ ಅಭಿಪ್ರಾಯ ಹೇಳುತ್ತೇನೆ.