ಅಜ್ಜ ಮಾತಾಡಲೇಬೇಕಾ?

ಪ್ರಶ್ನೆ: ಹೊಲ ಮಾರಿದ ಮೇಲೆ ಮಾತೇ ಬಿಟ್ಟ ಅಜ್ಜನ ಬಗ್ಗೆ ಒಂದು ಕಿರುಚಿತ್ರ ಮಾಡುತ್ತಿದ್ದೇನೆ. ಅಜ್ಜನಿಗೆ ಒಂದೂ ಡೈಲಾಗ್ ಇಲ್ಲ. ‘ಜನ ಎದ್ದು ಹೋಗ್ತಾರೆ’ ಅಂತ ಗೆಳೆಯರು ಹೆದರಿಸುತ್ತಿದ್ದಾರೆ. ಏನು ಮಾಡಲಿ?
– ಓದುಗ, ಸಿರುಗುಪ್ಪ

ಸಂಪಾದಕರ ಉತ್ತರ: ಅಜ್ಜನ ಬಾಯಿಗೆ ಮಾತು ತುರುಕಬೇಡಿ. ಹಾಗಂತ ಗೆಳೆಯರ ಭಯ ಸುಳ್ಳಲ್ಲ. ನಮ್ಮ ಬಳ್ಳಾರಿ ಕಡೆಯವರು ಬಯಲಾಟ ನೋಡಿ ಬೆಳೆದವರು. ಅಲ್ಲಿ ಯಾವ ವೇಷ ಬಂದರೂ ಸಾರಥಿ ‘ತಾವು ಯಾರು’ ಅಂತ ಕೇಳುತ್ತಾನೆ. ಬಂದವರು ಹೆಸರು, ಊರು, ಪರಾಕ್ರಮ ಎಲ್ಲ ಹೇಳಿಕೊಳ್ಳಬೇಕು. ಕೇಳಿದರೂ ಉತ್ತರ ಕೊಡದ ಪಾತ್ರ ಎದುರಾದರೆ ನಮಗೆ ಚಡಪಡಿಕೆ ಶುರುವಾಗುತ್ತದೆ. ನಿಮಗೆ ಬೇಕಾದದ್ದು ಅದೇ ಚಡಪಡಿಕೆ.

ಗೋವಿಂದ ನಿಹಲಾನಿ ಅವರ ‘ಆಕ್ರೋಶ್’ (1980) ನೋಡಿ. ಹೆಂಡತಿಯನ್ನು ಕೊಂದ ಆರೋಪ ಹೊತ್ತ ಆದಿವಾಸಿ ಲಹಾನ್ಯಾ ಆಗಿ ಓಂ ಪುರಿ, ಅವನ ವಕೀಲನಾಗಿ ನಾಸಿರುದ್ದೀನ್ ಶಾ. ವಕೀಲ ಎಷ್ಟು ಕೇಳಿದರೂ ಲಹಾನ್ಯಾ ಬಾಯಿ ಬಿಡುವುದಿಲ್ಲ. ಉಳಿಸೋಕೆ ಬಂದವನ ಹತ್ತಿರವಾದರೂ ಹೇಳಬಾರದಾ ಅಂತ ನಮಗೇ ಸಿಟ್ಟು ಬರುತ್ತದೆ. ಊರಿನ ದೊಡ್ಡವರೆಲ್ಲ ಒಳಗೊಳಗೆ ಒಂದೇ ಅಂತ ಗೊತ್ತಾದಾಗ ಆ ಸಿಟ್ಟು ದಿಕ್ಕು ಬದಲಿಸುತ್ತದೆ. ಹೇಳಿದರೂ ಕೇಳುವವರು ಯಾರು, ಅಲ್ವಾ? ಕೊನೆಗೆ ಅವನ ಗಂಟಲಿಂದ ಬರುವುದು ಮಾತಲ್ಲ, ಚೀತ್ಕಾರ.

ಮಾತಿಲ್ಲ ಅಂದರೆ ಸದ್ದೂ ಇಲ್ಲ ಅಂತಲ್ಲ. ಸಿಂಗೀತಂ ಶ್ರೀನಿವಾಸ ರಾವ್ ಅವರ ‘ಪುಷ್ಪಕ ವಿಮಾನ’ದಲ್ಲಿ (1987) ಯಾರಿಗೂ ಸಂಭಾಷಣೆ ಇಲ್ಲ. ಟಾಕೀಸಿನ ಪಕ್ಕದ ಗದ್ದಲಕ್ಕೆ ಒಗ್ಗಿದ ನಾಯಕ ಕಮಲ್ ಹಾಸನ್‌ಗೆ ದೊಡ್ಡ ಹೋಟೆಲಿನಲ್ಲಿ ನಿದ್ದೆ ಹತ್ತುವುದಿಲ್ಲ. ಆ ಗದ್ದಲವನ್ನೇ ಟೇಪ್ ಮಾಡಿ ತಂದು, ಹಾಕಿಕೊಂಡು ಮಲಗುತ್ತಾನೆ. ಅವನ ಬಡತನ ಎಂಥದ್ದು ಅನ್ನೋದು ಅಷ್ಟರಲ್ಲೇ ತಿಳಿಯುತ್ತದೆ. ನಿಮ್ಮ ಅಜ್ಜನಿಗೂ ಅಂಥದ್ದೊಂದು ಸದ್ದು ಹುಡುಕಿ. ಹೊಲದ ಪಂಪ್‌ಸೆಟ್ಟಿನದಾದರೂ ಸರಿ.

ಮಾತೆಲ್ಲ ಮಗನಿಗೆ ಕೊಡಿ. ಅಜ್ಜ ಸುಮ್ನೆ ಕೂತಷ್ಟೂ ಮಗ ಜಾಸ್ತಿ ಮಾತಾಡಲಿ. ‘ರೇಟು ಚಲೋ ಬಂತಲ್ಲ ಯಪ್ಪಾ’ ಅಂತ ಶುರು ಮಾಡಿದವನು, ಉತ್ತರ ಬರದೇ ಇದ್ದಾಗ ‘ನಾನೇನು ಮೋಸ ಮಾಡೀನೇನು?’ ಅನ್ನುವಲ್ಲಿಗೆ ಬರಲಿ. ಮೋಸದ ಮಾತನ್ನು ಅಲ್ಲಿಯವರೆಗೆ ಯಾರೂ ಎತ್ತಿರಬಾರದು. ಅಜ್ಜನ ಪಾತ್ರದ ಶಕ್ತಿ ಇರುವುದು ಅಲ್ಲಿ. ಬರೀ ಅಯ್ಯೋ ಅನ್ನಿಸುವುದಕ್ಕೆ ಮೂಗಿ ತಂಗಿಯರನ್ನು ತಂದು ನಿಲ್ಲಿಸಿದ ಸಿನಿಮಾಗಳು ಬೇಕಾದಷ್ಟು ಬಂದಿವೆ. ಆ ದಾರಿ ಹಿಡಿಯಬೇಡಿ.

ಅಜ್ಜನ ಮುಖ ತೋರಿಸುವಾಗ ವಯಲಿನ್ ಹಾಕುವ ಆಸೆಯಾಗುತ್ತದೆ. ದಯವಿಟ್ಟು ಬೇಡ. ಚಿತ್ರ ಮುಗಿದ ಮೇಲೆ ನಮಗೂ ತೋರಿಸಿ.